ಸಪ್ತಾಪುರದ ಮನೆಯ ಬಗ್ಗೆ ಮಗಳಿಗೊಂದು ಪತ್ರ

ಧಾರವಾಡ

ಚಿ. ಸೌ. ಮಗಳಿಗೆ ಅಪ್ಪನ ಅನೇಕ ಆಶೀರ್ವಾದಗಳು.

ನಮ್ಮ ಪಕ್ಕದ ಮನೆಯನ್ನು ನೀವು ಕೊಳ್ಳುವ ಬಗ್ಗೆ ಭಾನುವಾರ ಫೋನಿನಲ್ಲಿ ನಡೆದ ಮಾತನ್ನು ಇಲ್ಲಿ ಮತ್ತೆ ಎತ್ತುವುದಿಲ್ಲ, ಅದು ನಿನಗೂ ನನಗೂ ನೆನಪಿದೆ. ಅಳಿಯಂದಿರು ಪಕ್ಕದಲ್ಲಿ ಕುಳಿತಿರುವಾಗ ನಾನು ದನಿ ಏರಿಸಿದ್ದರಿಂದ ನಿನಗೆ ನೋವಾಗಿದೆ ಎಂದು ನಿನ್ನ ಅವ್ವ ಹೇಳಿದಳು. ಅದಕ್ಕೆ ಕ್ಷಮೆ ಇರಲಿ. ಬರುವ ವಾರ ನೀವು ಇಸಾರ, ಅಂದರೆ ಖರೀದಿಯ ಮುಂಗಡ, ಕೊಡಲಿದ್ದೀರಿ ಎಂದೂ ಅವಳಿಂದಲೇ ತಿಳಿಯಿತು. ಇಸಾರ ಕೊಟ್ಟ ಮೇಲೆ ನಾನು ಏನು ಹೇಳಿದರೂ ಅದು ನಿನ್ನ ಸಂತೋಷವನ್ನು ಕೆಡಿಸುತ್ತದೆಯೇ ಹೊರತು ಪ್ರಯೋಜನಕ್ಕೆ ಬರುವುದಿಲ್ಲವಾದ್ದರಿಂದ ಈಗಲೇ ಬರೆಯುತ್ತಿದ್ದೇನೆ.

ನೀನು ಕಳಿಸಿದ ಲೆಕ್ಕದ ಹಾಳೆಯನ್ನು ಪ್ರಿಂಟ್ ತೆಗೆಸಿಕೊಂಡು ಓದಿದೆ. ಪಕ್ಕದ ಹೆಂಚಿನ ಮನೆಯನ್ನು ಕೊಂಡು, ಅದನ್ನು ಕೆಡವಿ, ಕೆಳಗಿನ ಮೂರು ಅಂತಸ್ತುಗಳಲ್ಲಿ ವಿದ್ಯಾರ್ಥಿಗಳಿಗಾಗಿ 24 ಕೋಣೆಗಳನ್ನೂ ಮೇಲೆ ನಿಮಗೊಂದು ಮನೆಯನ್ನೂ ಕಟ್ಟಿಸುವುದು, ಬಾಡಿಗೆಯಿಂದ ಬ್ಯಾಂಕಿನ ಕಂತು ತೀರಿಸುವುದು, ನಮ್ಮ ಮುಪ್ಪಿನಲ್ಲಿ ಗೋಡೆಯಾಚೆಗೇ ಇರುವುದು. ಈ ಕೊನೆಯ ಸಾಲನ್ನು ಓದುವಾಗ ನನ್ನ ಕಣ್ಣು ತುಂಬಿದ್ದನ್ನು ಮುಚ್ಚಿಡಲಾರೆ. ನಮ್ಮ ಮನೆತನದಲ್ಲಿ ಹೆಣ್ಣುಮಗಳೊಬ್ಬಳು ತನ್ನ ಸಂಬಳದ ಬಲದ ಮೇಲೆ ಆಸ್ತಿ ಕೊಳ್ಳಲು ನಿಂತದ್ದು ನಿನ್ನಿಂದಲೇ ಮೊದಲು. ಮುದ್ರಾಂಕ ಶುಲ್ಕ ಶೇ. 5, ಅದರ ಮೇಲಿನ ಉಪಕರ ಮತ್ತು ಅಧಿಭಾರ, 2025ರ ಆಗಸ್ಟ್ 31ರಿಂದ ಶೇ. 1ರಿಂದ 2ಕ್ಕೆ ಏರಿದ ನೋಂದಣಿ ಶುಲ್ಕ, ಎಲ್ಲವನ್ನೂ ಸೇರಿಸಿ ಶೇ. 7.6 ಎಂದು ನೀನು ಸರಿಯಾಗಿಯೇ ಹಿಡಿದಿದ್ದೀ. ಲೆಕ್ಕದಲ್ಲಿ ತಪ್ಪಿಲ್ಲ. ನನ್ನ ಆತಂಕವಿರುವುದು ಒಂದೇ ಸಾಲಿನ ಬಗ್ಗೆ: ‘ಕೋಣೆಗಳು ವರ್ಷಪೂರ್ತಿ ತುಂಬಿರುತ್ತವೆ’ ಎಂದು ಬರೆದಿದ್ದೀಯಲ್ಲ, ಆ ಸಾಲು.

ನೀನು ಇಲ್ಲಿದ್ದಾಗ ಸಪ್ತಾಪುರದಲ್ಲಿ ಇದ್ದವರು ಕಾಲೇಜಿನ ಮಕ್ಕಳು. ಅವರು ಜೂನಿನಲ್ಲಿ ಬಂದು ಪರೀಕ್ಷೆ ಮುಗಿಸಿ ಹೋಗುತ್ತಿದ್ದರು, ಮರುವರ್ಷ ಬರುವುದು ಖಚಿತವಿತ್ತು. ಈಗ ಇಲ್ಲಿ ತುಂಬಿರುವವರು ಪಿಎಸ್‌ಐ, ಪಿಡಿಒ, ಎಫ್‌ಡಿಎ, ಕೆಎಎಸ್ ಎಂದು ಸರ್ಕಾರಿ ಕೆಲಸದ ಪರೀಕ್ಷೆಗಳಿಗೆ ಓದಲು ವಿಜಯಪುರ, ಬಾಗಲಕೋಟೆ, ಕೊಪ್ಪಳ, ರಾಯಚೂರು, ಕಲಬುರಗಿ ಕಡೆಗಳಿಂದ ಬಂದವರು. ಅವರು ಇಲ್ಲಿರುವುದೂ ಊರಿಗೆ ಹೋಗುವುದೂ ಸರ್ಕಾರದ ನೇಮಕಾತಿ ಅಧಿಸೂಚನೆಯ ಮೇಲೆ ನಿಂತಿದೆ. 2022ರಲ್ಲಿ 545 ಪಿಎಸ್‌ಐ ಹುದ್ದೆಗಳ ನೇಮಕಾತಿ ಅಕ್ರಮದಿಂದಾಗಿ ರದ್ದಾದಾಗ ನಮ್ಮ ಓಣಿಯ ಎಷ್ಟೋ ಹುಡುಗರು ಹಾಸಿಗೆ ಸುತ್ತಿಕೊಂಡು ಹೋದರು. 2024ರ ಅಕ್ಟೋಬರಿನ ಕೊನೆಗೆ, ಪರಿಶಿಷ್ಟ ಜಾತಿಗಳ ಒಳಮೀಸಲಾತಿ ಇತ್ಯರ್ಥವಾಗುವವರೆಗೆ ಹೊಸ ಅಧಿಸೂಚನೆ ಬೇಡವೆಂದು ಸಚಿವ ಸಂಪುಟ ತೀರ್ಮಾನಿಸಿದ ಮೇಲಂತೂ ಗೇಟುಗಳಿಗೆ ‘ರೂಮು ಬಾಡಿಗೆಗಿದೆ’ ಎಂಬ ಹಲಗೆ ತೂಗಿದ್ದು ತಿಂಗಳುಗಟ್ಟಲೆ ಇಳಿಯಲಿಲ್ಲ. 2025ರಲ್ಲಿ ಇದೇ ಊರಿನ ಬೀದಿಗಳಲ್ಲಿ ಅಭ್ಯರ್ಥಿಗಳು ನೇಮಕಾತಿಗಾಗಿ ಮೆರವಣಿಗೆ ಮಾಡಿದರು. ಇವೆಲ್ಲ ನಿನ್ನ ಹಾಳೆಯಲ್ಲಿಲ್ಲ. ನಿನ್ನ ಕಂತು ಮಾತ್ರ ಪ್ರತಿ ತಿಂಗಳು ಐದನೆಯ ತಾರೀಖಿಗೆ ಬಂದು ನಿಲ್ಲುತ್ತದೆ.

ಇಷ್ಟೇ ಆಗಿದ್ದರೆ ನಾನು ಸುಮ್ಮನಿರುತ್ತಿದ್ದೆನೋ ಏನೋ. ದುಡಿಯುವವರಿಗೆ ಸ್ವಲ್ಪ ನಷ್ಟ ತಾಳಿಕೊಳ್ಳುವ ಶಕ್ತಿ ಇರುತ್ತದೆ. ನನ್ನನ್ನು ಹಿಡಿದು ನಿಲ್ಲಿಸಿರುವುದು ಬೇರೆ, ಅದನ್ನು ನಿನಗೆ ನಾನು ಯಾವತ್ತೂ ಪೂರ್ತಿಯಾಗಿ ಹೇಳಿಲ್ಲ.

2020ರ ಸೆಪ್ಟೆಂಬರ್. ಲಾಕ್‌ಡೌನ್ ಘೋಷಣೆಯಾದಾಗ ಹುಡುಗರು ಕೈಗೆ ಸಿಕ್ಕಿದ್ದನ್ನು ಹಿಡಿದು ಊರು ಸೇರಿದ್ದರು, ಸಾಮಾನುಗಳೆಲ್ಲ ಕೋಣೆಗಳಲ್ಲೇ ಉಳಿದಿದ್ದವು. ಆಗಸ್ಟ್ 31ಕ್ಕೆ ರಿಸರ್ವ್ ಬ್ಯಾಂಕ್ ಕೊಟ್ಟಿದ್ದ, ಕಂತು ಮುಂದೂಡುವ ವಿನಾಯಿತಿ ಮುಗಿಯಿತು. ಹಿಂದಿನ ಓಣಿಯಲ್ಲಿ ಸಾಲ ಮಾಡಿ ಕೋಣೆಗಳನ್ನು ಕಟ್ಟಿಸಿದ್ದವರಿಗೆ, ವಿನಾಯಿತಿಯ ತಿಂಗಳುಗಳ ಬಡ್ಡಿಯೂ ಅಸಲಿಗೆ ಸೇರಿಕೊಂಡು, ಬ್ಯಾಂಕಿನ ಸಂದೇಶಗಳು ಬರತೊಡಗಿದವು. ಆ ವಾರವೇ ಸಿಂದಗಿ ತಾಲೂಕಿನ ಹಳ್ಳಿಯೊಂದರಿಂದ ಒಬ್ಬ ಹುಡುಗನ ತಂದೆ ಬಂದ. ಮಗನಿಗೆ ಯಾವುದೋ ಕೆಲಸದ ದಾಖಲೆ ಪರಿಶೀಲನೆಗೆ ಕರೆ ಬಂದಿತ್ತು, ಮೂಲ ಅಂಕಪಟ್ಟಿಗಳು ಕೋಣೆಯಲ್ಲಿದ್ದ ತಗಡಿನ ಟ್ರಂಕಿನಲ್ಲಿದ್ದವು. ಮಾರ್ಚಿನಿಂದ ಬಾಡಿಗೆ ಕೊಟ್ಟಿರಲಿಲ್ಲ. ಬಾಕಿ ಕೊಡದೆ ಟ್ರಂಕು ಮುಟ್ಟಬಾರದೆಂದು ಆ ಮನೆಯ ಮಾಲೀಕರು ಗೇಟಿಗೆ ಅಡ್ಡ ನಿಂತರು.

ನಾನು ಔಷಧಿ ತರಲು ಹೊರಟಿದ್ದವನು ಅಲ್ಲೇ ನಿಂತುಬಿಟ್ಟೆ. ಆ ಮನುಷ್ಯ ಮುಖಕ್ಕೆ ಟವೆಲು ಕಟ್ಟಿಕೊಂಡಿದ್ದ, ಮಾತಾಡುವಾಗೊಮ್ಮೆ ಅದನ್ನು ಕೆಳಗೆ ಸರಿಸಿ ಮತ್ತೆ ಮೇಲೇರಿಸಿಕೊಳ್ಳುತ್ತಿದ್ದ. ಅಂಗಿಯ ಜೇಬಿನಿಂದ ಒಂದು ಚೀಟಿ ತೆಗೆದು ಕೋಣೆಯ ನಂಬರು ತೋರಿಸಿದ, ನಂಬರಿನ ಬಗ್ಗೆ ಯಾರಿಗೂ ಸಂಶಯವೇ ಇರಲಿಲ್ಲವಾದರೂ. “ಯಜಮಾನ್ರ, ತೊಗರಿ ಬಂದಮ್ಯಾಗ ನಿಮ್ಮ ರೊಕ್ಕ ಮುಟ್ಟಸ್ತೀನ್ರಿ, ಹುಡುಗನ ಕಾಗದಪತ್ರ ಅಷ್ಟ ಕೊಟ್ಟುಬಿಡ್ರಿ” ಎಂದ. ತೊಗರಿ ಕೈಗೆ ಬರುವುದು ಡಿಸೆಂಬರ್, ಜನವರಿಗೆ. ಮನೆಯವರು ತಮ್ಮ ಮೊಬೈಲ್ ತೆಗೆದು ಬ್ಯಾಂಕಿನ ಸಂದೇಶವನ್ನು ಅವನ ಮುಖದ ಮುಂದೆ ಹಿಡಿದರು. ಅವನಿಗೆ ಓದಲು ಬರುತ್ತಿತ್ತೋ ಇಲ್ಲವೋ, ತಲೆಯಾಡಿಸಿದ. ಇಬ್ಬರೂ ಒಬ್ಬರಿಗೊಬ್ಬರು ತಮ್ಮ ಸಾಲದ ಮಾತನ್ನೇ ಆಡುತ್ತಿದ್ದರು, ಮಗಳೇ, ಇಬ್ಬರದೂ ನಿಜವಾಗಿತ್ತು. ಕೊನೆಗೆ ಅಂಕಪಟ್ಟಿಗಳನ್ನು ಕೊಟ್ಟು ಟ್ರಂಕನ್ನು ಉಳಿಸಿಕೊಂಡರು. ಅವನು ಆ ಕಾಗದಗಳನ್ನು ಟವೆಲಿನಲ್ಲಿ ಸುತ್ತಿ, ಕಂಕುಳಲ್ಲಿಟ್ಟುಕೊಂಡು ನಮ್ಮ ಕಟ್ಟೆಯ ಮೇಲೆ ಬಂದು ಕುಳಿತ. ನಿನ್ನ ಅವ್ವ ನೀರು ಕೊಟ್ಟಳು, ಊಟ ಮಾಡಿ ಹೋಗೆಂದಳು. ಬಸ್ಸು ತಪ್ಪುತ್ತದೆ ಎಂದು ಹೊರಟುಹೋದ.

ಆ ಮನೆಯವರು ಕೆಟ್ಟವರಲ್ಲ. ಈ ಮಾತನ್ನು ನೀನು ಗಮನವಿಟ್ಟು ಓದಬೇಕು. ಹುಡುಗರಿಗೆ ಜ್ವರ ಬಂದರೆ ಗಂಜಿ ಮಾಡಿ ಕಳಿಸುತ್ತಿದ್ದವರು, ಗಣಪತಿ ಹಬ್ಬಕ್ಕೆ ಎಲ್ಲರನ್ನೂ ಕರೆದು ಕಡಬು ಬಡಿಸುತ್ತಿದ್ದವರು. ಸಾಲವಿಲ್ಲದಿದ್ದರೆ ಅವರು ಆ ಟ್ರಂಕನ್ನು ತಾವೇ ಹೊತ್ತು ಬಸ್ ನಿಲ್ದಾಣಕ್ಕೆ ಮುಟ್ಟಿಸುತ್ತಿದ್ದರು. ಬಾಡಿಗೆಯನ್ನೇ ನಂಬಿ ತೆಗೆದುಕೊಂಡ ಸಾಲ ಅವರನ್ನು ಗೇಟಿಗೆ ಅಡ್ಡ ನಿಲ್ಲಿಸಿತು. ಅಂದಿನಿಂದ ಅವರು ನನ್ನೊಡನೆ ಮುಖವೆತ್ತಿ ಮಾತಾಡಿಲ್ಲ. ನಿನ್ನ ಲೆಕ್ಕದ ಹಾಳೆ ನೋಡಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಆ ಗೇಟಿನಲ್ಲಿ ಅವರ ಜಾಗದಲ್ಲಿ ನೀನು ನಿಂತ ಹಾಗೆ, ಮೊಬೈಲು ನಿನ್ನ ಕೈಯಲ್ಲಿದ್ದ ಹಾಗೆ ಕಾಣುತ್ತಿತ್ತು. ನೀನು ಹಾಗೆ ಮಾಡುವವಳಲ್ಲ ಎಂದು ನಿನ್ನ ಅವ್ವ ಹೇಳುತ್ತಾಳೆ. ಅವರೂ ಹಾಗೆ ಮಾಡುವವರಾಗಿರಲಿಲ್ಲ.

ಹಾಗೆಂದು ಈ ಬಡಾವಣೆ ಬೇಡವೆಂದು ನಾನು ಹೇಳುತ್ತಿಲ್ಲ. ರಾತ್ರಿ ಹನ್ನೊಂದಕ್ಕೆ ಲೈಬ್ರರಿ ಬಿಟ್ಟು ಬರುವ ಹುಡುಗರ ಗದ್ದಲ, ಗೇಟಿಗೆ ಅಡ್ಡ ನಿಂತ ಬೈಕುಗಳು, ಚಹಾದಂಗಡಿಯ ಮುಂದೆ ಸಂವಿಧಾನದ ವಿಧಿಗಳ ಬಗ್ಗೆ ನಡೆಯುವ ವಾದ, ಇವುಗಳ ನಡುವೆ ನಾವು ಸುಖವಾಗಿಯೇ ಇದ್ದೇವೆ. ನಿನ್ನ ಅವ್ವ ಬಚ್ಚಲಲ್ಲಿ ಜಾರಿ ಬಿದ್ದಾಗ ಆಟೋ ತಂದು ಆಸ್ಪತ್ರೆಗೆ ಸೇರಿಸಿ ಬೆಳಗಿನವರೆಗೆ ಬೆಂಚಿನ ಮೇಲೆ ಕುಳಿತವರು ಎದುರಿನ ಮನೆಯ ಬಾಡಿಗೆ ಹುಡುಗರೇ. ಅವರು ಯಾರ ಮನೆಯನ್ನೂ ಹಾಳು ಮಾಡುವವರಲ್ಲ. ಆದರೆ ಅವರ ಬಾಡಿಗೆ ಅವರಪ್ಪಂದಿರ ಹೊಲದಿಂದ ಬರುತ್ತದೆ ಎಂಬುದನ್ನು ಮನೆ ಕೊಳ್ಳುವವರು ಮರೆಯಬಾರದು.

ಆದ್ದರಿಂದ ಒಂದು ಮಾತು ಹೇಳುತ್ತೇನೆ. ಮನೆ ಕೊಳ್ಳು, ಕೆಡವಬೇಡ. ಇರುವ ಮನೆಯನ್ನೇ ದುರಸ್ತಿ ಮಾಡಿಸಿ, ನಿಮ್ಮಿಬ್ಬರ ಸಂಬಳದಿಂದಲೇ ತೀರುವಷ್ಟು ಸಾಲ ಮಾತ್ರ ಮಾಡು. ಹಿತ್ತಲ ಕಡೆ ನಾಲ್ಕೈದು ಕೋಣೆ ಕಟ್ಟಿಸಿದರೆ ಅದರ ಬಾಡಿಗೆ ಬಂದರೆ ಬರಲಿ, ಬಾರದಿದ್ದರೆ ಹೋಗಲಿ ಎನ್ನುವಂತಿರಬೇಕು. 24 ಕೋಣೆಗಳಿಗೆ ಇಲ್ಲಿ ನೀರೂ ಸಾಲದು, ಟ್ಯಾಂಕರಿನ ಖರ್ಚನ್ನೂ ನೀನು ಬರೆದಿಲ್ಲ. ಮಂಜೂರಾದ ನಕ್ಷೆ ಮೀರಿ ಕಟ್ಟಿದರೆ ಸ್ವಾಧೀನಾನುಭವ ಪತ್ರ, ಅಂದರೆ ಕಟ್ಟಡದಲ್ಲಿ ವಾಸಿಸಲು ಕೊಡುವ ಒಪ್ಪಿಗೆ, ಸಿಗುವುದಿಲ್ಲ. ಅದಿಲ್ಲದ ಕಟ್ಟಡಕ್ಕೆ ವಿದ್ಯುತ್, ನೀರಿನ ಸಂಪರ್ಕ ಕೊಡಬಾರದು, ಬ್ಯಾಂಕುಗಳೂ ಅದನ್ನು ನೋಡಿಯೇ ಸಾಲ ಕೊಡಬೇಕು ಎಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರಿನಲ್ಲಿ ಹೇಳಿದೆ. ಅಕ್ಕಪಕ್ಕದವರು ನಾಲ್ಕು ಅಂತಸ್ತು ಏರಿಸಿದ್ದಾರೆಂದು ನಿನಗೆ ಧೈರ್ಯ ಬೇಡ.

ಇನ್ನು ಕಾಗದಪತ್ರದ ವಿಷಯ. ಮಾರುತ್ತಿರುವವರು ಅಣ್ಣತಮ್ಮಂದಿರಿಬ್ಬರೇ ಬಂದು ಮಾತಾಡುತ್ತಿದ್ದಾರೆ, ಅವರಿಗೆ ಅಕ್ಕತಂಗಿಯರಿದ್ದಾರೆ. 2005ರ ತಿದ್ದುಪಡಿಯಂತೆ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಸಮಪಾಲು ಇದೆ, 2020ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಇನ್ನಷ್ಟು ಸ್ಪಷ್ಟಪಡಿಸಿತು. ವಾಟ್ನಿ, ಅಂದರೆ ಆಸ್ತಿಯ ಪಾಲು, ಆಗಿದ್ದರೆ ಅದರ ನೋಂದಾಯಿತ ಪತ್ರ ನೋಡು, ಆಗಿರದಿದ್ದರೆ ಆ ಹೆಣ್ಣುಮಕ್ಕಳೆಲ್ಲ ಖರೀದಿ ಪತ್ರಕ್ಕೆ ಸಹಿ ಹಾಕಬೇಕು. ಅವರ ಪಾಲನ್ನು ಅವರಿಗೆ ಕೊಟ್ಟರೋ ಇಲ್ಲವೋ ಎಂಬುದನ್ನೂ ನೀನು ಕೇಳಬೇಕು. ಇನ್ನೊಬ್ಬ ಹೆಣ್ಣುಮಗಳ ಹಕ್ಕನ್ನು ಮುಳುಗಿಸಿದ ಮನೆಯಲ್ಲಿ ನೀನು ದೀಪ ಹಚ್ಚುವುದು ನನಗೆ ಬೇಡ. ಸಿಟಿ ಸರ್ವೆಯ ಪ್ರಾಪರ್ಟಿ ಕಾರ್ಡ್, ಮಹಾನಗರ ಪಾಲಿಕೆಯ ಇ-ಖಾತೆ, ಋಣಭಾರ ಪ್ರಮಾಣಪತ್ರ ಮೂರರಲ್ಲೂ ಹೆಸರು ಮತ್ತು ಅಳತೆ ಒಂದೇ ಇರಬೇಕು. ಬೆಲೆ 50 ಲಕ್ಷ ಮುಟ್ಟಿದರೆ ಶೇ. 1 ತೆರಿಗೆ ಹಿಡಿದು ಕಟ್ಟುವ ಹೊಣೆ ಕೊಳ್ಳುವವರದೇ. ಪತ್ರ ಉಪದೇಶವಾಗುತ್ತಿದೆ ಎಂದು ನಿನ್ನ ಅವ್ವ ಪಕ್ಕದಿಂದ ಎಚ್ಚರಿಸುತ್ತಿದ್ದಾಳೆ, ಆದರೂ ಇದನ್ನು ಬಿಡಲಾರೆ.

ನೀನು ಗೋಡೆಯಾಚೆ ಬಂದಿರುತ್ತೀ ಎಂಬುದಕ್ಕಿಂತ ದೊಡ್ಡ ಆಸೆ ನನಗೆ ಉಳಿದಿಲ್ಲ. ಆ ಆಸೆಗೇ ಸೋತು ನಾನು ಹೂಂ ಎಂದುಬಿಡುತ್ತೇನೇನೋ ಎಂಬ ಹೆದರಿಕೆಯಿಂದಲೂ ಇಷ್ಟು ಗಟ್ಟಿಯಾಗಿ ಬರೆಯುತ್ತಿದ್ದೇನೆ.

ಇಸಾರ ಕೊಡುವ ಮೊದಲು ನಿನ್ನ ಹಾಳೆಯಲ್ಲಿ ಒಂದು ಲೆಕ್ಕ ಸೇರಿಸಿ ನನಗೆ ಕಳಿಸು: ಆರು ತಿಂಗಳು ಒಂದು ಕೋಣೆಯೂ ತುಂಬದಿದ್ದರೆ ಕಂತು ಯಾವ ಖಾತೆಯಿಂದ ಹೋಗುತ್ತದೆ? ಅದಕ್ಕೆ ನಿನ್ನ ಬಳಿ ಉತ್ತರವಿದ್ದರೆ, ಬರುವ ಭಾನುವಾರ ನಾನೇ ವಕೀಲರನ್ನು ಕರೆದುಕೊಂಡು ಕಾಗದಪತ್ರ ನೋಡಲು ಹೋಗುತ್ತೇನೆ.

ಇಂತಿ,
ನಿನ್ನ ಅಪ್ಪ