ಐಟಿಐ ಕಾರ್ಯಾಗಾರದ ಬೀಗ ಸಂಜೆಯೂ ತೆರೆದಿರಲಿ: ಕೌಶಲ್ಯಾಭಿವೃದ್ಧಿ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಕೌಶಲ್ಯಾಭಿವೃದ್ಧಿ ಸಚಿವರೇ,

ಬೆಳಗಾವಿಯ ಉದ್ಯಮಬಾಗ್‌ನಲ್ಲಿ ಯಂತ್ರದ ಬಿಡಿಭಾಗ ತಯಾರಿಸುವ ಸಣ್ಣ ಕಾರ್ಖಾನೆಯೊಂದರ ಮೇಲ್ವಿಚಾರಕ ನಾನು. ಐಟಿಐ ಮುಗಿಸಿ ಕೆಲಸ ಕೇಳಿಕೊಂಡು ಬರುವ ಹುಡುಗರನ್ನು ಪರೀಕ್ಷಿಸಿ ತೆಗೆದುಕೊಳ್ಳುವುದು ನನ್ನ ಪಾಲಿನ ಹೊಣೆ. ಅವರ ಪರವಾಗಿ ಈ ಪತ್ರ.

2022ರ ಜೂನ್‌ನಲ್ಲಿ, ಟಾಟಾ ಟೆಕ್ನಾಲಜೀಸ್ ಸಹಭಾಗಿತ್ವದಲ್ಲಿ ಮೇಲ್ದರ್ಜೆಗೇರಿದ ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಪ್ರಧಾನಿಯವರು ಬೆಂಗಳೂರಿನಲ್ಲಿ ಲೋಕಾರ್ಪಣೆ ಮಾಡಿದರು. ವೆಚ್ಚ 4,700 ಕೋಟಿ ರೂಪಾಯಿಗೂ ಹೆಚ್ಚು ಎಂದು ಆಗ ಪ್ರಕಟಿಸಲಾಯಿತು. ಕಂಪ್ಯೂಟರ್ ಆದೇಶದಂತೆ ಲೋಹ ಕತ್ತರಿಸುವ ಸಿಎನ್‌ಸಿ ಯಂತ್ರ, ಕೈಗಾರಿಕಾ ರೋಬಾಟ್, ವಿದ್ಯುತ್ ವಾಹನದ ತರಬೇತಿ, ಇವೆಲ್ಲ ತಾಲ್ಲೂಕು ಊರಿನ ಮಕ್ಕಳ ಕೈಗೆ ಬಂದದ್ದು ಸಣ್ಣ ಮಾತಲ್ಲ. ಪಕ್ಷ ಯಾವುದೇ ಇರಲಿ, ಆ ಕೆಲಸವನ್ನು ಮನಸಾರೆ ಮೆಚ್ಚುತ್ತೇನೆ.

ಆದರೆ ನಮ್ಮಲ್ಲಿಗೆ ಬರುವ ಹುಡುಗ ಯಂತ್ರದ ಮುಂದೆ ನಿಂತಾಗ ಏನಾಗುತ್ತದೆ ಎಂಬುದನ್ನು ತಾವು ನೋಡಬೇಕು. ಯಂತ್ರಕ್ಕೆ ಆದೇಶ ಕೊಡುವ ಭಾಷೆಯಾದ ಜಿ-ಕೋಡ್ ಬಾಯಿಪಾಠ. ಕಂಪ್ಯೂಟರ್ ಪರದೆಯ ಮೇಲೆ ಪ್ರೋಗ್ರಾಂ ಓಡಿಸಿ ತೋರಿಸುತ್ತಾನೆ. ಕಚ್ಚಾ ಸರಳನ್ನು ಯಂತ್ರದ ಹಿಡಿಕೆಯಾದ ಚಕ್‌ಗೆ ಕಟ್ಟಿ ಸೊನ್ನೆ (ಅಳತೆ ಶುರುವಾಗುವ ಬಿಂದು) ಹಿಡಿ, ಟೂಲ್ ಆಫ್‌ಸೆಟ್ (ಉಪಕರಣದ ಅಳತೆಯ ಹೊಂದಾಣಿಕೆ) ಹಾಕು ಎಂದರೆ ಕೈ ತಡೆಯುತ್ತದೆ. ಮೊದಲ ತುಂಡು ಕತ್ತರಿಸಿ, ಮೈಕ್ರೋಮೀಟರ್‌ನಲ್ಲಿ ಅಳೆದು, ಎರಡು ನೂರಾಂಶ ಮಿಲಿಮೀಟರ್ ಹೆಚ್ಚು ಬಂದಿದೆ ಎಂದು ಕಂಡ ಮೇಲೆ ಎಲ್ಲಿ ಎಷ್ಟು ತಿದ್ದಬೇಕು ಎಂಬುದು ಗೊತ್ತಿಲ್ಲ. ಇದು ಅವನ ಬುದ್ಧಿಯ ಕೊರತೆಯಲ್ಲ. ಅವನು ಲೋಹ ಕತ್ತರಿಸಿದ್ದೇ ಕಡಿಮೆ.

ಕಾರಣವನ್ನು ಒಬ್ಬ ಬೋಧಕರೇ ನನಗೆ ಬಿಡಿಸಿ ಹೇಳಿದರು. ಯಂತ್ರ ಇದೆ, ಅದರ ಬಾಯಿಗೆ ಹಾಕಲು ಸಾಮಗ್ರಿ ಇಲ್ಲ. ಲೋಹ ಕತ್ತರಿಸುವ ಸಣ್ಣ ಅಲಗು, ಅಂದರೆ ಕಾರ್ಬೈಡ್ ಇನ್ಸರ್ಟ್ ಒಂದಕ್ಕೆ ಕೆಲವು ನೂರು ರೂಪಾಯಿ. ಕಲಿಯುವವನ ಕೈಯಲ್ಲಿ ಅದು ಮುರಿಯಲೇಬೇಕು, ಮುರಿಯದೆ ಯಾರೂ ಕಲಿತಿಲ್ಲ. ಮುರಿದರೆ ಹೊಸದಕ್ಕೆ ಬೇಡಿಕೆ ಪಟ್ಟಿ ಬರೆದು ಮೇಲಿನವರ ಮಂಜೂರಾತಿಗೆ ತಿಂಗಳುಗಟ್ಟಲೆ ಕಾಯಬೇಕು. ಹಾಗಾಗಿ ಬೋಧಕರು ತಾವೇ ಒಮ್ಮೆ ಓಡಿಸಿ ತೋರಿಸುತ್ತಾರೆ, ಮಕ್ಕಳು ಸುತ್ತ ನಿಂತು ನೋಡುತ್ತಾರೆ. ಕೋಟಿಗಟ್ಟಲೆ ಬೆಲೆಯ ಸಲಕರಣೆ ಕೆಲವು ಸಾವಿರ ರೂಪಾಯಿಯ ಅಭಾವಕ್ಕೆ ಸುಮ್ಮನೆ ನಿಲ್ಲುವುದನ್ನು ಹೇಗೆ ಒಪ್ಪಿಕೊಳ್ಳಲಿ? ಉಪಕರಣ, ಕೂಲಂಟ್ (ಕತ್ತರಿಸುವಾಗ ತಂಪಾಗಿಸುವ ದ್ರವ), ಕಚ್ಚಾ ಲೋಹಕ್ಕೆ ವಿದ್ಯಾರ್ಥಿಗೆ ಇಂತಿಷ್ಟು ಎಂದು ಪ್ರತ್ಯೇಕ ಹಣ ಇಡಿ. ಅದನ್ನು ಖರ್ಚು ಮಾಡುವ ಅಧಿಕಾರವನ್ನು ಪ್ರಾಂಶುಪಾಲರಿಗೇ ಕೊಡಿ.

ಇದಕ್ಕೆ ದಾರಿ ನಮ್ಮ ರಾಜ್ಯದಲ್ಲೇ ಇದೆ. 1972ರಲ್ಲಿ ಡೆನ್ಮಾರ್ಕ್ ಸರ್ಕಾರದ ನೆರವಿನಿಂದ ಬೆಂಗಳೂರಿನಲ್ಲಿ ಶುರುವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ (ಜಿಟಿಟಿಸಿ), ತರಬೇತಿಯ ಜೊತೆಗೆ ಕೈಗಾರಿಕೆಗಳ ಕೆಲಸವನ್ನೂ ಮಾಡಿಕೊಟ್ಟು ಆದಾಯ ಗಳಿಸುತ್ತದೆ. ಅಲ್ಲಿನ ಟೂಲ್ ಅಂಡ್ ಡೈ (ಉಪಕರಣ ಮತ್ತು ಅಚ್ಚು ತಯಾರಿಕೆ) ಡಿಪ್ಲೊಮಾ ಹುಡುಗರು ಮೂರು ವರ್ಷ ಕಲಿತು ನಾಲ್ಕನೆಯ ವರ್ಷ ಕಾರ್ಖಾನೆಯಲ್ಲಿ ಕಳೆಯುತ್ತಾರೆ. ಅವರಿಗೆ ಕೆಲಸ ಕೊಡಲು ನಾವು ಎರಡು ಬಾರಿ ಯೋಚಿಸುವುದಿಲ್ಲ. ಐಟಿಐಗಳೂ ಸುತ್ತಲಿನ ಸಣ್ಣ ಘಟಕಗಳಿಂದ ಜಾಬ್ ವರ್ಕ್, ಅಂದರೆ ಕೂಲಿಗೆ ಮಾಡಿಕೊಡುವ ಕೆಲಸ, ಪಡೆಯಲು ಅನುಮತಿ ಕೊಡಿ.

ಇನ್ನು ಸಂಜೆಯ ಮಾತು. ಉದ್ಯಮಬಾಗ್, ಮಚ್ಛೆಯ ಫೌಂಡ್ರಿ ಮತ್ತು ಲೇತ್ ಅಂಗಡಿಗಳಲ್ಲಿ ಹಗಲೆಲ್ಲ ದುಡಿಯುವ ಹುಡುಗರಿಗೂ ಸಿಎನ್‌ಸಿ ಪ್ರೋಗ್ರಾಮಿಂಗ್ ಕಲಿಯುವ ಆಸೆ ಇದೆ. ನಮ್ಮ ಜಿಲ್ಲೆಯ ಹತ್ತರಗಿಯಲ್ಲಿ ಏಕಸ್ ಕಂಪನಿಯ ವಿಶೇಷ ಆರ್ಥಿಕ ವಲಯದಲ್ಲಿ ಏರ್‌ಬಸ್ ವಿಮಾನದ ಬಿಡಿಭಾಗಗಳು ತಯಾರಾಗುತ್ತವೆ. ಆ ಮಟ್ಟದ ಕೆಲಸಕ್ಕೆ ಏರಬೇಕು ಎಂಬ ಹಂಬಲ ಇವರಲ್ಲಿದೆ. ಕಲಿಯುವುದೆಲ್ಲಿ? 30ಕ್ಕಿಂತ ಕಡಿಮೆ ಜನರಿರುವ ಘಟಕಗಳು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕೆಂಬ ಕಡ್ಡಾಯ ಕಾನೂನಿನಲ್ಲಿಲ್ಲ, ಆದ್ದರಿಂದ ಸಣ್ಣ ಅಂಗಡಿಯಲ್ಲಿ ಕಲಿಸುವವರೂ ಇಲ್ಲ. ಐಟಿಐಗೆ ಸೇರೋಣವೆಂದರೆ ಅಲ್ಲಿ ಕಲಿಕೆ ಹಗಲು ಮಾತ್ರ, ಸಂಬಳ ಬಿಡಬೇಕು. ಅಮೆರಿಕದ ಕಮ್ಯುನಿಟಿ ಕಾಲೇಜುಗಳು ದುಡಿಯುವವರಿಗಾಗಿಯೇ ಸಂಜೆ ತರಗತಿ ನಡೆಸುತ್ತವೆ. ನಮ್ಮ ಹುಡುಗರಿಗೂ ಆರರಿಂದ ಒಂಬತ್ತರವರೆಗೆ, ಮೂರು ನಾಲ್ಕು ತಿಂಗಳ ಕೋರ್ಸ್ ಇದ್ದರೆ ಸಾಕು.

ಬೋಧಕರ ವಿಷಯವನ್ನೂ ಮರೆಯುವಂತಿಲ್ಲ. ಐಟಿಐಗಳನ್ನು ಮೇಲ್ದರ್ಜೆಗೇರಿಸುವ ಕೇಂದ್ರದ 60,000 ಕೋಟಿ ರೂಪಾಯಿಯ ಪಿಎಂ-ಸೇತು ಯೋಜನೆಯಲ್ಲಿ ಬೋಧಕರ ತರಬೇತಿಗೆ ಬಲಪಡಿಸಲು ಆರಿಸಿದ ಐದು ರಾಷ್ಟ್ರೀಯ ಸಂಸ್ಥೆಗಳು ಭುವನೇಶ್ವರ, ಚೆನ್ನೈ, ಹೈದರಾಬಾದ್, ಕಾನ್ಪುರ ಮತ್ತು ಲೂಧಿಯಾನದಲ್ಲಿವೆ. ಯಂತ್ರೋಪಕರಣ ತಯಾರಿಸುವ ಎಚ್‌ಎಂಟಿ ಹುಟ್ಟಿದ ರಾಜ್ಯಕ್ಕೆ ಈ ಐದರಲ್ಲಿ ಒಂದೂ ಇಲ್ಲ. ದಯವಿಟ್ಟು ದೆಹಲಿಯಲ್ಲಿ ಕೇಳಿ. ಅದು ಸಿಗುವವರೆಗೆ ಪ್ರತಿ ಬೋಧಕರನ್ನೂ ವರ್ಷಕ್ಕೊಂದು ತಿಂಗಳು, ಪೂರ್ಣ ಸಂಬಳದೊಂದಿಗೆ, ಕಾರ್ಖಾನೆಗೆ ಕಳುಹಿಸಿ.

ಎಲ್ಲ 150 ಕಡೆಯೂ ಒಮ್ಮೆಲೇ ಆಗಲಿ ಎಂದು ಕೇಳುತ್ತಿಲ್ಲ. ಬೆಳಗಾವಿ, ಪೀಣ್ಯ, ತುಮಕೂರು, ಶಿವಮೊಗ್ಗ, ಈ ನಾಲ್ಕು ಕಡೆ ಬರುವ ಶೈಕ್ಷಣಿಕ ವರ್ಷದಿಂದ ಸಂಜೆ ಬ್ಯಾಚ್ ಆರಂಭಿಸಿ. ಬೆಳಗಾವಿಯಲ್ಲಿ ತಾವು ಬಾಗಿಲು ತೆರೆದರೆ, ನಮ್ಮ ಕಾರ್ಖಾನೆಯ ಯಂತ್ರವನ್ನು ಕೆಲಸಕ್ಕೆ ಅಣಿಗೊಳಿಸುವ ಇಬ್ಬರು ಹಿರಿಯ ಸೆಟ್ಟರ್‌ಗಳು ವಾರಕ್ಕೆರಡು ಸಂಜೆ ಬಂದು ಕಲಿಸಲು ಒಪ್ಪಿದ್ದಾರೆ, ಮಾಲೀಕರ ಸಮ್ಮತಿಯೂ ಸಿಕ್ಕಿದೆ. ಇಲಾಖೆಯಿಂದ ಯಾರನ್ನು ಭೇಟಿಯಾಗಬೇಕು ಎಂದು ತಿಳಿಸಿದರೆ ಆ ಸೆಟ್ಟರ್‌ಗಳನ್ನು ಕರೆದುಕೊಂಡೇ ಬರುತ್ತೇನೆ.

ತಮ್ಮ ವಿಶ್ವಾಸಿ,
ಉದ್ಯಮಬಾಗ್‌ನ ಒಬ್ಬ ಮೇಲ್ವಿಚಾರಕ, ಬೆಳಗಾವಿ