ಮಗಳಿಗೊಂದು ಪತ್ರ: ನಾಲ್ಕು ಹೆಜ್ಜೆ ದೂರ

ಪುಟ್ಟಿ,

ನೀನು ಫೋನ್ ಇಟ್ಟ ಮೇಲೆ ನಿದ್ದೆ ಬರಲಿಲ್ಲ. ಮಾತಾಡಲು ಹೋದರೆ ಮತ್ತೆ ಜಗಳವೇ ಆಗುತ್ತದೆ. ಅದಕ್ಕೆ ಹಾಳೆಯ ಮೇಲೆ ಬರೆದು ಫೋಟೊ ತೆಗೆದು ಕಳಿಸುತ್ತಿದ್ದೇನೆ.

ತಂಗಿ ಚಿನ್ನಿ ದೊಡ್ಡವಳಾದಳು ಅಂತ ನಾನು ಖುಷಿಯಲ್ಲಿ ಹೇಳಿದರೆ, 'ಅವಳನ್ನೂ ಗುಡ್ಲಲ್ಲಿ ಕೂರಿಸ್ತೀಯಾ?' ಅಂತ ನೀನು ಕೇಳಿದೆ. ನನಗೆ ಉತ್ತರ ಹೊಳೆಯಲಿಲ್ಲ. ಮಾವ ಆಗಲೇ ಮಚ್ಚು ಮಸೆದಿಟ್ಟಿದ್ದಾನೆ. ಅಂಗಳದಲ್ಲಿ ಗುಡ್ಲು ಕಟ್ಟಲು ನಾಳೆ ಸೋಗೆ ಕಡಿಯುತ್ತಾನೆ.

ನಿನ್ನ ಆರತಿಯ ಕಥೆ ಬೇಡ, ಅದಕ್ಕೆ ಆಲ್ಬಮ್ ಇದೆ. ನನ್ನನ್ನು ಬಿಡದೆ ಕಾಡುವುದು ಎರಡನೇ ರಾತ್ರಿ. 2014. ಜೋರು ಮಳೆ. ಅಂಗಳದ ಗುಡ್ಲಿನ ಸೋಗೆ ಸಂದಿಯಲ್ಲಿ ನೀರು ತೊಟ್ಟಿಕ್ಕುತ್ತಿತ್ತು. ನೀನು ಚಾಪೆಯ ಒಣ ಮೂಲೆಯಲ್ಲಿ ಮುದುರಿ ಕೂತಿದ್ದೆ. 'ಅಮ್ಮಾ, ಇಲ್ಲಿಗೆ ಬಾ' ಅಂದೆ. ನಾನು ಜಗುಲಿಯಲ್ಲಿದ್ದೆ, ನಾಲ್ಕು ಹೆಜ್ಜೆ ದೂರ. ಅಜ್ಜಿ ಹೊಸಿಲ ಹತ್ತಿರ ನಿಂತಿದ್ದರು. ಹಾಲಿನ ಲೋಟ ನೆಲಕ್ಕಿಟ್ಟು ಕೋಲಿನಿಂದ ನಿನ್ನ ಕಡೆ ತಳ್ಳಿದೆ. ಕಲ್ಲಿಗೆ ತಾಗಿ ಅರ್ಧ ಚೆಲ್ಲಿತು. ಉಳಿದದ್ದನ್ನು ಕುಡಿದು ಲೋಟ ಬೋರಲು ಹಾಕಿದೆ ನೀನು. ಮತ್ತೆ ಕರೆಯಲಿಲ್ಲ.

ಇನ್ನೊಂದು ಸಲ ಕರೆದಿದ್ದರೆ ಬರುತ್ತಿದ್ದೆ ಅಂತ ಎಷ್ಟೋ ವರ್ಷ ಅಂದುಕೊಂಡೆ. ಸುಳ್ಳು. ಬರುತ್ತಿರಲಿಲ್ಲ. ಅತ್ತೆಯ ಭಯ ಒಂದೇ ಅಲ್ಲ, ಮೈಲಿಗೆ ಅಂತ ನಾನೂ ನಂಬಿದ್ದೆ. ನಿನಗಾಗ 13 ವರ್ಷ. ತಪ್ಪು ನನ್ನದು ಕಣೆ.

ಹೆಣ್ಣುಮಕ್ಕಳನ್ನು ಬಲವಂತವಾಗಿ ಹೊರಗೆ ಕೂರಿಸುವುದು ಅಪರಾಧ, ಕರ್ನಾಟಕದಲ್ಲಿ 2017ರಲ್ಲೇ ಕಾನೂನು ಆಗಿದೆ, 2020ರಿಂದ ಜಾರಿಯಲ್ಲಿದೆ ಅಂತ ಹೇಳಿದೆಯಲ್ಲ. ನೀನು ಅಷ್ಟು ತಿಳಿದುಕೊಂಡು ಮಾತಾಡುವಾಗ ಸಿಟ್ಟಿನ ಮಧ್ಯೆಯೂ ಹೆಮ್ಮೆಯಾಯಿತು. ಆದರೆ ಕಾನೂನು ಇಲ್ಲದಾಗಲೂ ಲೋಟ ಕೈಗೆ ಕೊಡಬಹುದಿತ್ತು ಅಲ್ವಾ.

ಹಾಗಂತ ಎಲ್ಲವನ್ನೂ ಕಿತ್ತು ಎಸೆಯಬೇಡ. ಚಿಗಳಿ, ತಂಬಿಟ್ಟು, ಕೊಬ್ಬರಿ ಬೆಲ್ಲ ಹೊತ್ತು ತಂದ ಅಕ್ಕಪಕ್ಕದವರು, ಸೋಬಾನೆ ಹೇಳಿದ ಮುದುಕಿಯರು, ಸಾಲ ಮಾಡಿ ಸೀರೆ ತಂದ ಮಾವ. ಇವರು ಕೆಟ್ಟವರಲ್ಲ. 'ಹುಡುಗಿ ಮದುವೆಗೆ ಬಂದಳು ಅಂತ ಊರಿಗೆ ಸಾರೋದು ಅಷ್ಟೇ' ಅಂದೆ ನೀನು. ನನ್ನ ವಿಷಯದಲ್ಲಿ ಅದು ನಿಜ. ನಾನು ದೊಡ್ಡವಳಾದಾಗ ಮಾಡಿದ ಒಸಗೆಗೆ ಬಂದ ನೆಂಟರೇ ಗಂಡು ತೋರಿಸಿದರು, 17ಕ್ಕೆ ಮದುವೆ ಆಯಿತು. ಆದರೂ ಆ ಮೂರು ದಿನ ತುಪ್ಪ, ಮೆಂತ್ಯದ ಮುದ್ದೆ ಅಂತ ಎಲ್ಲರೂ ನನ್ನನ್ನು ಮೊದಲು ಉಣಿಸಿದರು. ಆ ಮೇಲೆ ಮೊದಲು ಉಂಡ ನೆನಪಿಲ್ಲ.

ಊಟದ ಮಾತು ಬಂತು, ಹೇಳಿಬಿಡುತ್ತೇನೆ. ಬೆಳಿಗ್ಗೆ ಬರೀ ಕಾಫಿ ಕುಡಿದು ಓಡಬೇಡ. ರಾಗಿ, ಸೊಪ್ಪು, ಎಳ್ಳು ತಿನ್ನು. ರಕ್ತ ಪರೀಕ್ಷೆ ಮಾಡಿಸು. ಹೊಟ್ಟೆನೋವು ಅಂತ ಪ್ರತಿ ತಿಂಗಳೂ ಮಾತ್ರೆ ನುಂಗಿ ಸುಮ್ನಿರಬೇಡ, ಡಾಕ್ಟರಿಗೆ ತೋರಿಸು. ಮುಟ್ಟಿನ ರಜೆ ತಿಂಗಳಿಗೊಂದು ದಿನ ಕೊಡಲು 2025ರಲ್ಲಿ ರಾಜ್ಯ ಸಚಿವ ಸಂಪುಟವೇ ಒಪ್ಪಿತಲ್ಲ, ಕೇಳಲು ನಿನಗ್ಯಾಕೆ ನಾಚಿಕೆ? ಜಾಸ್ತಿ ಆಯಿತು, ಬಿಡು.

ಚಿನ್ನಿ ಈಗ ಪಡಸಾಲೆಯಲ್ಲಿ ಬೇರೆ ಚಾಪೆ ಮೇಲೆ ಮಲಗಿದ್ದಾಳೆ. ಸ್ವಲ್ಪ ಹೊತ್ತಿಗೆ ಮುಂಚೆ ಪಕ್ಕದಲ್ಲಿ ಹೋಗಿ ಕೂತೆ. ಕೈ ಹಿಡಿದುಕೊಂಡಳು. ಅಜ್ಜಿ ನೋಡಿದರು, ಏನೂ ಅನ್ನಲಿಲ್ಲ, ಎದ್ದು ಒಳಗೆ ಹೋದರು.

ಸೋಗೆ ಕಡಿಯಬೇಡ ಅಂತ ಬೆಳಿಗ್ಗೆ ಮಾವನಿಗೆ ನಾನೇ ಹೇಳುತ್ತೇನೆ. ಅಜ್ಜಿಗೆ ಹೇಳುವ ಧೈರ್ಯ ಇನ್ನೂ ಬಂದಿಲ್ಲ. ಮೊದಲ ಬಸ್ಸಿಗೆ ಬಾ ಪುಟ್ಟಿ. ನಾನು ಹೇಳುವಾಗ ಪಕ್ಕದಲ್ಲಿ ನಿಂತುಕೊ.

ನಿನ್ನ ಅಮ್ಮ