ಮೊದಲು ಮರ, ಆಮೇಲೆ ಪಾರ್ಸರ್

ಪ್ರಿಯ ಗೆಳೆಯ,

ಫಂಕ್ಷನಲ್ ಪ್ರೋಗ್ರಾಮಿಂಗ್ ಕಲಿಯಲೆಂದು ಲೆಕ್ಕ ಓದುವ ಪಾರ್ಸರ್, ಅಂದರೆ ಬರೆದ ಲೆಕ್ಕವನ್ನು ಓದಿ ಅದರ ರಚನೆಯನ್ನು ಮರವಾಗಿ ಕಟ್ಟುವ ಪ್ರೋಗ್ರಾಮ್, ಬರೆಯಲು ಕೂತಿದ್ದೀಯ, ಓಡಿಸಿದರೆ ಅದು ನಿಲ್ಲುವುದೇ ಇಲ್ಲ ಅಂತ ಬರೆದಿದ್ದೀಯ. ಯಾಕೆ ನಿಲ್ಲುವುದಿಲ್ಲ ಎಂಬುದನ್ನು ಮುಂದೆ ಹೇಳುತ್ತೇನೆ. ನೀನು ಆರಿಸಿಕೊಂಡ ಅಭ್ಯಾಸ ಚೆನ್ನಾಗಿಯೇ ಇದೆ, ಆದರೆ ಹಿಡಿದಿರುವುದು ಅದರ ಕೊನೆಯ ತುದಿ. ಪಾರ್ಸರ್ ಯಾವ ಮರವನ್ನು ಕಟ್ಟಬೇಕು ಎನ್ನುವುದು ಗಟ್ಟಿಯಾಗದೆ ಅದನ್ನು ಬರೆಯಲು ಹೋದರೆ ಎರಡು ಕಷ್ಟಗಳು ಒಟ್ಟಿಗೇ ಮೈಮೇಲೆ ಬರುತ್ತವೆ.

ಹಾಗಾಗಿ ಆ ಫೈಲನ್ನು ಸದ್ಯಕ್ಕೆ ಬದಿಗಿಟ್ಟು, ಖಾಲಿ ಫೈಲಿನಲ್ಲಿ ಮರದ ಟೈಪ್ (ಅದರಲ್ಲಿ ಏನೇನು ಇರಬಹುದು ಎಂಬ ವಿವರಣೆ) ಒಂದನ್ನೇ ಬರೆ. ಲೆಕ್ಕ ಎಂದರೆ ಐದರಲ್ಲಿ ಒಂದು: ಸಂಖ್ಯೆ, ಹೆಸರು, ಕೂಡು, ಕಳೆ, ಗುಣಿಸು. ಸಂಖ್ಯೆಯೊಳಗೆ ಒಂದು ಪೂರ್ಣಾಂಕ ಇರುತ್ತದೆ, ಹೆಸರಿನೊಳಗೆ ಒಂದು ಸ್ಟ್ರಿಂಗ್ (ಅಕ್ಷರಗಳ ಸಾಲು). ಉಳಿದ ಮೂರರೊಳಗೆ ಎರಡೆರಡು ಲೆಕ್ಕಗಳು. ಭಾಷೆ ಹ್ಯಾಸ್ಕೆಲ್ ಆದರೂ ಓಕ್ಯಾಮಲ್ ಆದರೂ ಐದಾರು ಸಾಲಿಗೆ ಮುಗಿಯುತ್ತದೆ. ಆಮೇಲೆ 2 + 3 * 4 ಎಂಬುದನ್ನು ನೀನೇ ಕೈಯಾರೆ ಮರವಾಗಿ ಬರೆ: ಕೂಡು(2, ಗುಣಿಸು(3, 4)). ಹಾಗೆಯೇ (2 + 3) * 4 ಎಂಬುದನ್ನು ಗುಣಿಸು(ಕೂಡು(2, 3), 4) ಎಂದು ಬರೆ. ಮೊದಲನೆಯದರ ಬೆಲೆ 14, ಎರಡನೆಯದರದು 20. ಟೈಪಿನಲ್ಲಿ ಕಂಸಕ್ಕೆಂದು ಒಂದು ಬಗೆಯೇ ಇಲ್ಲ, ಗಮನಿಸು. ಯಾವುದು ಯಾವುದರೊಳಗೆ ಎಂದು ತಿಳಿಸುವುದಷ್ಟೇ ಕಂಸದ ಕೆಲಸ, ಮರದ ಆಕಾರವೇ ಅದನ್ನು ತಿಳಿಸುತ್ತದೆ. ಹೊಸಬರು 'ಕಂಸ' ಎಂದು ಆರನೆಯ ಬಗೆಯನ್ನು ಸೇರಿಸುವುದುಂಟು. ನೀನು ಸೇರಿಸಬೇಡ. ಸೇರಿಸಿದರೆ ಬರೆಯುವ ಪ್ರತಿ ಫಂಕ್ಷನ್‌ನಲ್ಲೂ ಏನೂ ಮಾಡದ ಒಂದು ಸಾಲನ್ನು ಹೊತ್ತು ತಿರುಗಬೇಕಾಗುತ್ತದೆ.

ಈಗ ನಾಲ್ಕು ಫಂಕ್ಷನ್ ಬರೆ: ಮರದಲ್ಲಿ ಎಷ್ಟು ನೋಡ್‌ಗಳಿವೆ (ಪ್ರತಿ ಸಂಖ್ಯೆ, ಹೆಸರು, ಕ್ರಿಯೆ ಒಂದೊಂದು ನೋಡ್), ಮರ ಎಷ್ಟು ಆಳ, ಅದರ ಬೆಲೆ ಎಷ್ಟು, ಅದನ್ನು ಮತ್ತೆ ಸ್ಟ್ರಿಂಗ್ ಮಾಡಿದರೆ ಹೇಗೆ ಕಾಣುತ್ತದೆ. ನಾಲ್ಕಕ್ಕೂ ಅಚ್ಚು ಒಂದೇ. ಟೈಪಿನಲ್ಲಿ ಐದು ಬಗೆ ಇದ್ದರೆ ಫಂಕ್ಷನ್‌ನಲ್ಲೂ ಐದು ಸಾಲು. ಟೈಪು ತನ್ನನ್ನೇ ಎಲ್ಲಿ ಹೆಸರಿಸುತ್ತದೆಯೋ ಅಲ್ಲಿ ಫಂಕ್ಷನ್ ತನ್ನನ್ನೇ ಕರೆಯುತ್ತದೆ. ರಿಕರ್ಷನ್ ಅಂದರೆ ಇದೇ. ಅದಕ್ಕೆ ಹೆದರುವವರು ಲೂಪಿನ ಹಾಗೆ ಅದನ್ನು ಹೆಜ್ಜೆ ಹೆಜ್ಜೆಯಾಗಿ ತಲೆಯಲ್ಲಿ ಓಡಿಸಿ ನೋಡುತ್ತಾರೆ, ಮೂರನೆಯ ಹಂತಕ್ಕೆ ದಾರಿ ತಪ್ಪುತ್ತದೆ. ಹಾಗೆ ಓಡಿಸಬೇಡ. ಎಡ ಮರದ ಆಳ, ಬಲ ಮರದ ಆಳ ಆಗಲೇ ಕೈಯಲ್ಲಿವೆ ಎಂದುಕೋ. ಇನ್ನು ಉಳಿದಿರುವುದು ಎರಡರಲ್ಲಿ ದೊಡ್ಡದಕ್ಕೆ 1 ಕೂಡಿಸುವುದು ಮಾತ್ರ.

ಬೆಲೆ ಕಟ್ಟುವ ಫಂಕ್ಷನ್ ಕೇಳುವುದು ಇನ್ನೂ ಸ್ವಲ್ಪ ಹೆಚ್ಚು. ಹೆಸರು ಎದುರಾದರೆ ಅದರ ಬೆಲೆಯನ್ನು ಒಂದು ಪಟ್ಟಿಯಲ್ಲಿ ಹುಡುಕಬೇಕು, ಪಟ್ಟಿಯಲ್ಲಿ ಅದು ಇಲ್ಲದೆಯೂ ಇರಬಹುದು. ಅಲ್ಲಿ ಪ್ರೋಗ್ರಾಮನ್ನು ಬೀಳಿಸಬೇಡ, ಸುಮ್ಮನೆ ಸೊನ್ನೆಯನ್ನೂ ಕೊಡಬೇಡ. 'ಇದೆ' ಅಥವಾ 'ಇಲ್ಲ' ಎಂದು ಹೇಳುವ ಟೈಪನ್ನೇ ಉತ್ತರವಾಗಿ ಕೊಡು. ಹ್ಯಾಸ್ಕೆಲ್‌ನಲ್ಲಿ ಅದು ಮೇಬಿ, ಓಕ್ಯಾಮಲ್‌ನಲ್ಲಿ ಆಪ್ಷನ್. ಎಡದ್ದೂ ಬಲದ್ದೂ ಬೆಲೆ ಸಿಕ್ಕರೆ ಮಾತ್ರ ಕೂಡಬೇಕು ಎನ್ನುವುದನ್ನು ಪ್ರತಿ ಸಾಲಿನಲ್ಲೂ ಬಿಡಿಸಿ ಬರೆಯುವಾಗ ಬೇಸರ ಬರುತ್ತದೆ, ಬರಲಿ. ಅದೇ ಬೇಸರ ಪಾರ್ಸರ್‌ನಲ್ಲಿ ಮತ್ತೆ ಎದುರಾಗುತ್ತದೆ. ಮೊನ್ಯಾಡ್ ಎಂಬ ಹೆಸರು ಕೇಳಿ ಗಾಬರಿಯಾಗಿದ್ದೆಯಲ್ಲ, ಅದು ತಪ್ಪಿಸುವುದು ಈ ಪುನರಾವರ್ತನೆಯನ್ನೇ. ಮೊದಲು ಒಂದಷ್ಟು ಕೈಯಲ್ಲೇ ಬರೆದಿದ್ದರೆ ಆಮೇಲೆ ಅದು ಬೇಗ ಹತ್ತುತ್ತದೆ.

ಇದೆಲ್ಲ ನಡೆದ ಮೇಲೆ ಭಾಗಿಸು ಎಂಬ ಆರನೆಯ ಬಗೆಯನ್ನು ಸೇರಿಸು. ಎಲ್ಲೆಲ್ಲಿ ಸಾಲು ಸೇರಿಸಬೇಕು ಎಂದು ಕಂಪೈಲರೇ (ಕೋಡನ್ನು ಯಂತ್ರಕ್ಕೆ ಅನುವಾದಿಸುವ ಪ್ರೋಗ್ರಾಮ್) ತೋರಿಸಬೇಕು. ಓಕ್ಯಾಮಲ್ ತಾನಾಗಿಯೇ ಎಚ್ಚರಿಸುತ್ತದೆ. ಹ್ಯಾಸ್ಕೆಲ್‌ನ ಕಂಪೈಲರ್ ಜಿಎಚ್‌ಸಿಯಲ್ಲಿ ಆ ಎಚ್ಚರಿಕೆಯನ್ನು ನೀನೇ ಆನ್ ಮಾಡಬೇಕು. ಎರಡರಲ್ಲೂ ಒಂದು ಅಡ್ಡಿ ಇದೆ: 'ಉಳಿದದ್ದಕ್ಕೆಲ್ಲ ಹೀಗೆ' ಎನ್ನುವ ಅಡಿಗೀಟಿನ (_) ಸಾಲನ್ನು ಬರೆದುಬಿಟ್ಟಿದ್ದರೆ ಹೊಸ ಬಗೆ ಸದ್ದಿಲ್ಲದೆ ಅದರೊಳಗೆ ಸೇರಿಕೊಳ್ಳುತ್ತದೆ, ಕಂಪೈಲರ್ ಬಾಯಿ ಬಿಡುವುದಿಲ್ಲ.

ಮುಂದಿನದು ಸರಳೀಕರಣ. ನನಗೆ ತುಂಬ ಇಷ್ಟವಾದ ಅಭ್ಯಾಸ ಇದು. ನಿಯಮಗಳು ಸಣ್ಣವು: 0 + ಕ ಆದರೆ ಕ, 1 * ಕ ಆದರೆ ಕ, 0 * ಕ ಆದರೆ 0. ಕೂಡು(ಗುಣಿಸು(0, ಕ), ಖ) ಎಂಬ ಮರವನ್ನು ಮೇಲಿನಿಂದ ಕೆಳಕ್ಕೆ ಸರಳಗೊಳಿಸಿ ನೋಡು. ಮೇಲಿನ ನೋಡ್‌ನಲ್ಲಿ ನಿಂತಾಗ ಎಡಕ್ಕೆ ಸೊನ್ನೆ ಕಾಣುವುದಿಲ್ಲ, ಗುಣಾಕಾರ ಕಾಣುತ್ತದೆ. ನಿಯಮ ತಗಲುವುದಿಲ್ಲ. ಕೆಳಗಿಳಿದ ಮೇಲೆ ಆ ಗುಣಾಕಾರ 0 ಆಗುತ್ತದೆ, ಆದರೆ ಮೇಲಿನ ನೋಡನ್ನು ದಾಟಿ ಆಗಿದೆ. ಕೈಗೆ ಬರುವುದು 0 + ಖ. ಮೊದಲು ಎರಡೂ ಮಕ್ಕಳನ್ನು (ನೋಡ್‌ನ ಕೆಳಗಿನ ಎಡ, ಬಲ ಮರಗಳನ್ನು) ಸರಳಗೊಳಿಸಿ, ಆಮೇಲೆ ತನ್ನ ನಿಯಮ ನೋಡಿಕೊಂಡರೆ ಒಂದೇ ಸುತ್ತಿಗೆ ಖ ಬರುತ್ತದೆ. ಭಾಗಾಕಾರ ಸೇರಿಸಿರುವುದರಿಂದ ಇನ್ನೊಂದನ್ನೂ ಯೋಚಿಸು: 0 * (1 / 0) ಎಂಬುದಕ್ಕೆ ಬೆಲೆಯಿಲ್ಲ, ಸರಳಗೊಳಿಸಿದರೆ 0 ಬರುತ್ತದೆ. ಅರ್ಥವೇ ಬದಲಾಯಿತು. ಆ ನಿಯಮವನ್ನು ಇಟ್ಟುಕೊಳ್ಳುವುದೋ ಬಿಡುವುದೋ, ತೀರ್ಮಾನಿಸಿ ಕೋಡಿನ ಪಕ್ಕದಲ್ಲಿ ಬರೆದಿಡು.

ಈಗ ಪಾರ್ಸರ್. ಅದೂ ಒಂದು ಫಂಕ್ಷನ್, ಅಷ್ಟೇ. ಸ್ಟ್ರಿಂಗ್ ತೆಗೆದುಕೊಂಡು 'ಇಲ್ಲ' ಅನ್ನುತ್ತದೆ, ಇಲ್ಲದಿದ್ದರೆ ಸಿಕ್ಕಿದ್ದನ್ನೂ ಉಳಿದ ಸ್ಟ್ರಿಂಗನ್ನೂ ಜೋಡಿಯಾಗಿ ಕೊಡುತ್ತದೆ. ಸಂಖ್ಯೆಯ ಪಾರ್ಸರ್‌ಗೆ "12+3" ಕೊಟ್ಟರೆ 12 ಮತ್ತು "+3" ಬರಬೇಕು. ಒಂದು ಅಕ್ಷರ ಓದುವುದು, ಒಂದಾದ ಮೇಲೆ ಇನ್ನೊಂದು, ಇದು ಆಗದಿದ್ದರೆ ಅದು, ಮತ್ತೆ ಮತ್ತೆ, ಸಿಕ್ಕಿದ್ದನ್ನು ಬದಲಿಸುವುದು, ಈ ಐದು ತುಣುಕುಗಳು ಸಾಕು. 'ಇದು ಆಗದಿದ್ದರೆ ಅದು' ಎಂಬ ತುಣುಕು ಎಷ್ಟು ಸಲೀಸಾಗಿ ಬರೆಯಲು ಬರುತ್ತದೆ ನೋಡು. ಮೊದಲ ಪಾರ್ಸರ್ ಅರ್ಧ ಓದಿ ಸೋತರೂ ಹಳೆಯ ಸ್ಟ್ರಿಂಗ್ ಹಾಗೆಯೇ ಇದೆ, ಯಾರೂ ಅದನ್ನು ತಿದ್ದಿಲ್ಲ, ಎರಡನೆಯದಕ್ಕೆ ಅದನ್ನೇ ಕೊಟ್ಟರಾಯಿತು. ಫಂಕ್ಷನಲ್ ಪ್ರೋಗ್ರಾಮಿಂಗ್‌ನಲ್ಲಿ ಡೇಟಾ ಬದಲಾಗಬಾರದು ಎಂಬ ಕಟ್ಟುಪಾಡು ಯಾಕೆ ಎಂದು ಕೇಳಿದ್ದೆಯಲ್ಲ, ಅದರ ಲಾಭ ಇಲ್ಲಿ ನೇರವಾಗಿ ಕಾಣುತ್ತದೆ. ಮುಂದೆ ಪಾರ್ಸರ್ ಕಟ್ಟಲೆಂದು ಹ್ಯಾಸ್ಕೆಲ್‌ನಲ್ಲಿರುವ ಪಾರ್ಸೆಕ್ ಲೈಬ್ರರಿಗೆ ಹೋದರೆ ಅಲ್ಲಿಯ ಆಯ್ಕೆ ಬೇರೆ ಥರ: ಮೊದಲನೆಯದು ಒಂದಾದರೂ ಅಕ್ಷರ ಓದಿ ಸೋತರೆ ಎರಡನೆಯದನ್ನು ನೋಡುವುದೇ ಇಲ್ಲ, ಹಿಂದಿರುಗಬೇಕಾದರೆ 'ಟ್ರೈ' ಎಂದು ಕೇಳಿಕೊಳ್ಳಬೇಕು.

ನಿನ್ನ ಪಾರ್ಸರ್ ನಿಲ್ಲದಿರುವುದಕ್ಕೆ ಕಾರಣ ಬಹುಮಟ್ಟಿಗೆ ಇದು. 'ಮೊತ್ತ ಎಂದರೆ ಮೊತ್ತ, ಆಮೇಲೆ ಕಳೆ ಗುರುತು, ಆಮೇಲೆ ಗುಣಲಬ್ಧ' ಎಂದು ಗ್ರಾಮರ್‌ನಲ್ಲಿ (ಲೆಕ್ಕ ಬರೆಯುವ ನಿಯಮಗಳಲ್ಲಿ) ಇದ್ದ ಹಾಗೆಯೇ ಕೋಡಿಗೆ ಇಳಿಸಿರುತ್ತೀಯ. ಮೊತ್ತದ ಫಂಕ್ಷನ್ ಒಂದಕ್ಷರವನ್ನೂ ಓದದೆ ಮತ್ತೆ ತನ್ನನ್ನೇ ಕರೆಯುತ್ತದೆ. ಎಡ ರಿಕರ್ಷನ್ ಅನ್ನುವುದು ಇದಕ್ಕೇ. ಬದಲಾಯಿಸಿ ಹೀಗೆ ಬರೆ: ಮೊದಲು ಒಂದು ಗುಣಲಬ್ಧ, ಆಮೇಲೆ 'ಗುರುತು ಮತ್ತು ಗುಣಲಬ್ಧ' ಎಂಬ ಜೋಡಿ ಸೊನ್ನೆ ಅಥವಾ ಹೆಚ್ಚು ಸಲ. ಗುಣಲಬ್ಧವೂ ಹಾಗೆಯೇ, ಘಟಕಗಳಿಂದ. ಘಟಕ ಎಂದರೆ ಸಂಖ್ಯೆ, ಹೆಸರು, ಅಥವಾ ಕಂಸದೊಳಗೆ ಇನ್ನೊಂದು ಮೊತ್ತ. ಗುಣಾಕಾರ ಮೊದಲು, ಸಂಕಲನ ಆಮೇಲೆ ಎಂಬ ಕ್ರಮ ಈ ಮೂರು ಮಹಡಿಗಳಿಂದಲೇ ಬರುತ್ತದೆ, ಬೇರೆ ಕೋಡ್ ಬೇಡ.

ಜೋಡಿಗಳ ಪಟ್ಟಿ ಸಿಕ್ಕ ಮೇಲೆ ಅದನ್ನು ಎಡದಿಂದ ಫೋಲ್ಡ್ ಮಾಡಬೇಕು, ಅಂದರೆ ಒಂದೊಂದಾಗಿ ಸೇರಿಸುತ್ತ ಒಂದೇ ಮರವಾಗಿ ಕಟ್ಟಬೇಕು. 10 - 4 - 3 ಎಡದಿಂದ ಕಟ್ಟಿದರೆ ಕಳೆ(ಕಳೆ(10, 4), 3), ಬೆಲೆ 3. ಬಲದಿಂದ ಕಟ್ಟಿದರೆ ಕಳೆ(10, ಕಳೆ(4, 3)), ಬೆಲೆ 9. ಕೂಡುವ ಲೆಕ್ಕಗಳನ್ನಷ್ಟೇ ಕೊಟ್ಟು ಪರೀಕ್ಷಿಸಿದರೆ ಈ ತಪ್ಪು ಹೊರಗೆ ಬರುವುದೇ ಇಲ್ಲ, ಯಾಕೆಂದರೆ ಸಂಕಲನಕ್ಕೆ ಯಾವ ಕಡೆಯಿಂದ ಕಟ್ಟಿದರೂ ಬೆಲೆ ಒಂದೇ. ಪರೀಕ್ಷೆಯಲ್ಲಿ ಯಾವಾಗಲೂ ವ್ಯವಕಲನ ಇರಲಿ.

ಉಳಿದ ತೊಂದರೆಗಳು ಚಿಕ್ಕವು. ಖಾಲಿ ಜಾಗವನ್ನು ಪ್ರತಿ ಟೋಕನ್ (ಸಂಖ್ಯೆ, ಹೆಸರು, ಗುರುತು ಅಥವಾ ಕಂಸ) ಆದ ಮೇಲೆ ನುಂಗು, ಸ್ಟ್ರಿಂಗ್‌ನ ಶುರುವಿನಲ್ಲಿ ಒಂದು ಸಲ. ಏನನ್ನೂ ಓದದೆ ಗೆಲ್ಲಬಲ್ಲ ಪಾರ್ಸರನ್ನು 'ಮತ್ತೆ ಮತ್ತೆ' ತುಣುಕಿನೊಳಗೆ ಇಟ್ಟರೆ ಅದೂ ನಿಲ್ಲುವುದಿಲ್ಲ. "2 + 3 4" ಕೊಟ್ಟರೆ 5ರ ಮರ ಬಂದು "4" ಉಳಿಯುತ್ತದೆ, ಹಾಗಾಗಿ ಕೊನೆಗೆ ಏನೂ ಉಳಿದಿಲ್ಲ ಎಂದು ನೋಡಲೇಬೇಕು. ಹೋಲಿಕೆಯ ಗುರುತುಗಳನ್ನು ಸೇರಿಸುವ ದಿನ <= ಅನ್ನು < ಗಿಂತ ಮೊದಲು ಇಡು, ಇಲ್ಲದಿದ್ದರೆ ಚಿಕ್ಕದೇ ಮೊದಲು ಗೆದ್ದು = ಉಳಿದುಬಿಡುತ್ತದೆ.

ಎರಡೂ ಕಡೆ ಸರಿಯಿದೆಯೇ ಎಂದು ತಿಳಿಯಲು ಮರವನ್ನು ಸ್ಟ್ರಿಂಗ್ ಮಾಡಿ, ಮತ್ತೆ ಪಾರ್ಸ್ ಮಾಡಿ, ಅದೇ ಮರ ಬಂತೇ ನೋಡು. ಶುರುವಿನಲ್ಲಿ ಪ್ರತಿ ಕ್ರಿಯೆಗೂ ಕಂಸ ಹಾಕಿ ಬರೆ. ಅದು ಗೆದ್ದ ಮೇಲೆ ಕಂಸ ಕಡಿಮೆ ಮಾಡು: ಎಡ ಮಗುವಿನ ಆದ್ಯತೆ (ಗುಣಿಸು, ಭಾಗಿಸುಗೆ ಹೆಚ್ಚು, ಕೂಡು, ಕಳೆಗೆ ಕಡಿಮೆ) ತಾಯಿಗಿಂತ ಕಡಿಮೆಯಿದ್ದರೆ ಕಂಸ, ಬಲ ಮಗುವಿನದು ಕಡಿಮೆ ಅಥವಾ ಸಮ ಇದ್ದರೆ ಕಂಸ. ಯಾದೃಚ್ಛಿಕ ಮರಗಳನ್ನು ಕೊಟ್ಟು ಪರೀಕ್ಷಿಸಲು ಕ್ವಿಕ್‌ಚೆಕ್ ಇದೆ, ಕೂನ್ ಕ್ಲಾಸನ್ ಮತ್ತು ಜಾನ್ ಹ್ಯೂಸ್ 2000ದಲ್ಲಿ ಹ್ಯಾಸ್ಕೆಲ್‌ಗೆಂದು ಹೊರತಂದದ್ದು. ಮರಕ್ಕೆ ಗಾತ್ರದ ಮಿತಿ ಕೊಡು, ಪ್ರತಿ ಮಗುವಿಗೆ ಅದರ ಅರ್ಧ. ಇಲ್ಲದಿದ್ದರೆ ಮರ ಬೆಳೆಯುತ್ತಲೇ ಹೋಗಬಹುದು. ಸಂಖ್ಯೆ -3 ಬಂದರೆ ನಿನ್ನ ಪಾರ್ಸರ್‌ಗೆ ಅದನ್ನು ಓದಲು ಬರುವುದಿಲ್ಲ, ಸದ್ಯಕ್ಕೆ ಋಣ ಸಂಖ್ಯೆಗಳನ್ನು ಹುಟ್ಟಿಸಬೇಡ. ಸೋತ ಮರವನ್ನು ಚಿಕ್ಕದಾಗಿಸುವ ಕೆಲಸವನ್ನು ನಿನ್ನ ಟೈಪಿಗೆ ನೀನೇ ಹೇಳಿಕೊಡಬೇಕು: ಒಂದು ಕ್ರಿಯೆಯನ್ನು ಅದರ ಎಡ ಅಥವಾ ಬಲ ಮಗುವಿನಿಂದ ಬದಲಿಸಿ ನೋಡು ಎಂದರೆ ಸಾಕು, ಕೆಲವೇ ನೋಡ್‌ಗಳ ಮರಕ್ಕೆ ಇಳಿಯುತ್ತದೆ.

ಎಲ್ಲಾದರೂ ಸಿಕ್ಕಿಕೊಂಡರೆ ಇಡೀ ಫೈಲ್ ಬೇಡ, ಸೋತ ಆ ಚಿಕ್ಕ ಮರವನ್ನೂ ಅದರಿಂದ ಬಂದ ಸ್ಟ್ರಿಂಗನ್ನೂ ಕಳಿಸು.

ಇಂತಿ,
ನಿನ್ನ ಗೆಳೆಯ